ದನದ ಚೀಲ, ಕೋಳಿಯ ಬಾಯಿ

ನಮ್ಮ ಸಂಘದ ಗೋದಾಮಿನಲ್ಲಿ ವರ್ಷಕ್ಕೆ ಹತ್ತಿಪ್ಪತ್ತು ಸಲವಾದರೂ ಕೇಳಿಬರುವ ಪ್ರಶ್ನೆಯೊಂದಿದೆ. ಪಶು ಆಹಾರದ ಚೀಲವನ್ನು ಜೀಪಿಗೆ ಹಾಕಿಸಿ, ರಸೀದಿಯನ್ನು ಜೇಬಿಗೆ ಸೇರಿಸುತ್ತ ಸದಸ್ಯರು ಕೇಳುತ್ತಾರೆ: "ಇದರಲ್ಲೇ ಒಂದೆರಡು ಹಿಡಿ ಕೋಳಿಗೂ ಹಾಕಬಹುದಲ್ಲ?" ನಮ್ಮ ಗುಮಾಸ್ತರು ತಲೆ ಎತ್ತದೆ, "ಹಾಕಿ, ಏನಾಗುತ್ತೆ?" ಎಂದುಬಿಡುತ್ತಾರೆ. ಅವರನ್ನು ದೂರುವಂತಿಲ್ಲ. ಈ ಉತ್ತರವನ್ನು ಅವರಿಗೆ ಕಲಿಸಿದವರು ಕಾರ್ಯದರ್ಶಿಯಾದ ನಾವೇ. ಆ ಉತ್ತರವನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇವೆ. ಅದರ ಬದಲಿಗೆ ಸಂಘ ಏನು ಮಾಡಬೇಕೆಂಬ ವಿಷಯವನ್ನೂ ಸದಸ್ಯ ಬಾಂಧವರ ಮುಂದೆ ಇಡಬೇಕಾಗಿದೆ.

ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಮನೆಯವರು ಆಸೆಪಟ್ಟು ಮೂವತ್ತು ಗಿರಿರಾಜ ಮರಿಗಳನ್ನು ತರಿಸಿದ್ದರು. ಮರಿಗಳ ಜೊತೆ ಬಂದಿದ್ದ ಸಣ್ಣ ಪೊಟ್ಟಣದ ಆಹಾರ ವಾರದಲ್ಲಿ ಮುಗಿಯಿತು. ಆಗ ಆಷಾಢದ ಮಳೆ. ಪೇಟೆಗೆ ಹೋದವರಾರೂ ಇಲ್ಲ. ಕೊಟ್ಟಿಗೆಯಲ್ಲಿ ಹಸುವಿಗೆಂದು ತಂದ ಚೀಲ ಬಾಯಿ ಬಿಚ್ಚಿಕೊಂಡು ಕುಳಿತಿತ್ತು. "ಚೀಲದ ಮೇಲೆ ಪ್ರೋಟೀನ್ ನೂರಕ್ಕೆ 20 ಎಂದು ಬರೆದಿದೆ, ಕೋಳಿಗೆ ಇದಕ್ಕಿಂತ ಇನ್ನೇನು ಬೇಕು, ಕುಟ್ಟಿ ಪುಡಿ ಮಾಡಿ ಹಾಕು" ಎಂದು ಆಜ್ಞೆ ಮಾಡಿ ನಾವು ಸಂಘಕ್ಕೆ ಹೊರಟೆವು. ಎರಡು ವಾರದಲ್ಲಿ ಹನ್ನೊಂದು ಮರಿ ಸತ್ತವು. ಉಳಿದವು ರೆಕ್ಕೆ ಇಳಿಬಿಟ್ಟು, ಹಿಂಭಾಗ ಒದ್ದೆ ಮಾಡಿಕೊಂಡು, ಗುಬ್ಬಚ್ಚಿಯ ಗಾತ್ರಕ್ಕೇ ನಿಂತವು. ರೋಗವಿರಬೇಕೆಂದು ಸತ್ತ ಮರಿಯೊಂದನ್ನು ಪಶುವೈದ್ಯರಲ್ಲಿಗೆ ಒಯ್ದೆವು. ಅವರು ಕೊಯ್ದು ನೋಡಿ, ರೋಗದ ಗುರುತು ಕಾಣುವುದಿಲ್ಲ, ಏನು ಹಾಕುತ್ತಿದ್ದೀರಿ ಎಂದು ಕೇಳಿದರು. ಹೇಳಿದೆವು. ಅವರು ನಕ್ಕರೇ ಹೊರತು ಬೈಯಲಿಲ್ಲ. ಬೈದವರು ಮನೆಯವರು: "ಸೊಸೈಟಿ ಸೆಕ್ರೆಟರಿ ಮನೆಯ ಮರಿಗಳೇ ಸೊಸೈಟಿ ಆಹಾರ ತಿಂದು ಸತ್ತವು ಅಂತ ಊರಲ್ಲಿ ಹೇಳಲಾ?"

ನಾವು ರಸಾಯನಶಾಸ್ತ್ರ ಓದಿ ಪದವಿ ಪಡೆದವರು. ಚೀಲದ ಮೇಲಿನ ಆ "20" ಎಂಬ ಅಂಕಿಯ ಅರ್ಥ ಬೇರೆ ಯಾರಿಗೆ ತಿಳಿಯದಿದ್ದರೂ ನಮಗೆ ತಿಳಿಯಬೇಕಿತ್ತು. ಆ ಮಾತಿಗೆ ಮುಂದೆ ಬರುತ್ತೇವೆ.

ಈಚೆಗೆ ಈ ವಿಷಯ ಮತ್ತೆ ತಲೆಗೆ ಹೊಕ್ಕಿದ್ದು ಬೆಳಗಾವಿ ಜಿಲ್ಲೆಯ ಗಡಿ ಭಾಗದಲ್ಲಿ. ಹಾಲಿನ ಸಂಘಗಳೂ ಕಬ್ಬಿನ ಸಹಕಾರಿಗಳೂ ಸದಸ್ಯರಿಗೆ ದನದ ಆಹಾರವನ್ನು ಹೇಗೆ ಒದಗಿಸುತ್ತವೆಂದು ನೋಡಿ ಬರಲು ನಾವು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಐದು ದಿನ ಸುತ್ತಿದೆವು. (ಹಳೆಯ ನಕ್ಷೆ ಇಟ್ಟುಕೊಂಡವರಿಗೆ ಒಂದು ಮಾತು: ನಿಪ್ಪಾಣಿ ಚಿಕ್ಕೋಡಿಯಿಂದಲೂ ಕಾಗವಾಡ ಅಥಣಿಯಿಂದಲೂ ಬೇರ್ಪಟ್ಟು ಈಗ ಸ್ವತಂತ್ರ ತಾಲೂಕುಗಳಾಗಿವೆ.) ಅಡಿಕೆ ಬೆಳೆಯುವ ನಮಗೂ ತಂಬಾಕು ಬೆಳೆಯುವ ನಿಪ್ಪಾಣಿಯವರಿಗೂ ನಂಟು ಬಹಳ ಹಳೆಯದು, ಎರಡೂ ಒಂದೇ ಎಲೆಯಲ್ಲಿ ಕೂಡುವ ಸರಕು. ಆದರೆ ಅಲ್ಲಿನ ನೆಲ, ನೀರು, ಮಾತು, ಊಟ ಎಲ್ಲವೂ ಬೇರೆ. ಕೃಷ್ಣೆ, ದೂಧಗಂಗಾ, ವೇದಗಂಗೆಗಳ ದಂಡೆಗೆ ಕಬ್ಬು, ಸೋಯಾ, ಗೋವಿನಜೋಳ. ಮನೆಮನೆಯ ಮುಂದೆ ಎಮ್ಮೆ. ಎಮ್ಮೆಯ ಕಾಲಡಿಯಲ್ಲಿ ಕೋಳಿ.

ಆ ಕಡೆ ದನಕ್ಕೆ ಏನೇನು ಹಾಕುತ್ತಾರೆಂದು ನೋಡಿದರೆ ಈ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸರಕಿ, ಅಂದರೆ ನಾವು ಹತ್ತಿಕಾಳೆನ್ನುವುದು, ಮತ್ತು ಅದರ ಹಿಂಡಿ, ಶೇಂಗಾ ಹಿಂಡಿ, ಗೋಧಿ ಬೂಸಾ, ಬೇಳೆಯ ಹೊಟ್ಟುನುಚ್ಚು, ಕಾರ್ಖಾನೆಯ ಕಾಕಂಬಿ ಬೆರೆಸಿದ ಚೀಲದ ಆಹಾರ. ಇವೆಲ್ಲ ಎಮ್ಮೆಗೆ ಒಳ್ಳೆಯವೇ. ಚಿಕ್ಕೋಡಿ ಹತ್ತಿರದ ಒಂದು ಹಳ್ಳಿಯಲ್ಲಿ ಎಮ್ಮೆಗೆ ಸರಕಿ ನೆನೆಹಾಕುತ್ತಿದ್ದ ಅಜ್ಜಿಯೊಬ್ಬರನ್ನು, ಅಮ್ಮಾ, ಇದನ್ನು ಕೋಳಿಗೂ ಹಾಕುತ್ತೀರಾ ಎಂದು ಕೇಳಿದೆವು. ಅವರು ನಮ್ಮನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಅಲ್ರೀ ಸಾಹೇಬ್ರ, ಎಮ್ಮಿಗಿ ನಾಕ ಹೊಟ್ಟಿ ಅದಾವು. ಕೋಳಿಗಿ ಎಷ್ಟ ಅದಾವ್ರಿ?" ಎಂದರು. ಮಗ್ಗುಲಲ್ಲಿ ನಿಂತಿದ್ದ ಸೊಸೆ, "ಸರಕಿ ತಿಂದ್ರ ತತ್ತಿ ಕೆಡ್ತಾವ್ರಿ" ಎಂದು ಸೇರಿಸಿದರು. ತತ್ತಿ ಎಂದರೆ ಮೊಟ್ಟೆ.

ಇಬ್ಬರ ಮಾತೂ ಪುಸ್ತಕದ ಮಾತಿಗೆ ಸರಿಯಾಗಿದೆ. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ಹಳದಿ ವಸ್ತುವೊಂದಿದೆ. ಬೆಳೆದ ದನದ ದೊಡ್ಡ ಹೊಟ್ಟೆಯಲ್ಲಿ, ಮೇವು ಹುದುಗಿ ಮೆಲುಕಿಗೆ ಬರುವ ಜಾಗದಲ್ಲಿ, ಅದರ ವಿಷದ ಬಹುಭಾಗ ಕಟ್ಟಿಹೋಗುತ್ತದೆ. ಕರುವಿನಲ್ಲಿ ಆ ಹೊಟ್ಟೆ ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ ಕರುವಿಗೂ ಅದು ಕೆಡುಕೇ. ಕೋಳಿಗೆ ಅಂಥ ಹೊಟ್ಟೆಯೇ ಇಲ್ಲ. ಗಾಸಿಪಾಲ್ ಕೋಳಿಯ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಮೊಟ್ಟೆಯನ್ನು ಕೆಲವು ದಿನ ಇಟ್ಟರೆ ಹಳದಿಭಾಗ ಹಸಿರುಮಿಶ್ರಿತ ಕಂದಾಗುತ್ತದೆ. ಹತ್ತಿಕಾಳಿನ ಎಣ್ಣೆಯಲ್ಲಿರುವ ಇನ್ನೊಂದು ಅಂಶದಿಂದ ಬಿಳಿಭಾಗ ಗುಲಾಬಿಯಾಗುವುದೂ ಉಂಟು. ಕೊಂಡವರು ಒಡೆದು ನೋಡಿ ಹಿಂದಕ್ಕೆ ತಂದರೆ ಮೊಟ್ಟೆ ಮಾರಿದ ಹೆಂಗಸಿನ ಮುಖ ಎಲ್ಲಿಡಬೇಕು? ಆ ಸೊಸೆಗೆ ಗಾಸಿಪಾಲಿನ ಹೆಸರು ಗೊತ್ತಿರಲಿಲ್ಲ. ಮೊಟ್ಟೆ ವಾಪಸು ಬಂದದ್ದು ಗೊತ್ತಿತ್ತು.

ಆ ಭಾಗದಲ್ಲಿ ಸೋಯಾ ಚೆನ್ನಾಗಿ ಬೆಳೆಯುತ್ತಾರೆ. ಕೋಳಿ ಆಹಾರಕ್ಕೆ ಸೋಯಾ ಹಿಂಡಿಯಷ್ಟು ಒಳ್ಳೆಯ ಪ್ರೋಟೀನು ನಮ್ಮ ದೇಶದಲ್ಲಿ ಸುಲಭಕ್ಕೆ ಸಿಗುವಂಥದು ಬೇರೆ ಇಲ್ಲ. ಹಾಗೆಂದು ಮನೆಯ ಹಸಿ ಸೋಯಾಕಾಳನ್ನೇ ಬೀಸಿ ಕೋಳಿಗೆ ಹಾಕಿದರೆ ಕೋಳಿ ಇಳಿಯುತ್ತದೆ, ಏರುವುದಿಲ್ಲ. ಹಸಿ ಸೋಯಾದಲ್ಲಿ ಪ್ರೋಟೀನನ್ನು ಅರಗಗೊಡದ ಅಂಶವಿದೆ. ಹದವಾಗಿ ಬೇಯಿಸಿದರೆ ಅಥವಾ ಹುರಿದರೆ ಅದು ನಾಶವಾಗುತ್ತದೆ. ಎಣ್ಣೆ ಮಿಲ್ಲಿನಲ್ಲಿ ಹಬೆ ಹಾಯಿಸಿದ ಹಿಂಡಿಯಲ್ಲಿ ಆ ತೊಂದರೆ ಇಲ್ಲ. ಇದೇ ಹಸಿ ಸೋಯಾವನ್ನು ಯೂರಿಯಾ ಇರುವ ದನದ ಆಹಾರದ ಜೊತೆ ಬೆರೆಸಿದರೆ ದನಕ್ಕೂ ಅಪಾಯ. ಸೋಯಾದಲ್ಲಿರುವ ಕಿಣ್ವವೊಂದು ಯೂರಿಯಾವನ್ನು ಬೇಗ ಅಮೋನಿಯಾ ಮಾಡಿಬಿಡುತ್ತದೆ.

ಯೂರಿಯಾ ಎಂದೊಡನೆ ಸದಸ್ಯರು ಬೆಚ್ಚಬಾರದು. ತೋಟಕ್ಕೆ ಹಾಕುವ ಯೂರಿಯಾವೇ ಅದು ಎಂಬುದು ನಿಜ. ದನದ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾದ ಸಾರಜನಕವನ್ನು ಬಳಸಿ ತಮ್ಮ ಮೈ ಬೆಳೆಸಿಕೊಳ್ಳುತ್ತವೆ. ಮುಂದೆ ದನ ಆ ಜೀವಿಗಳನ್ನೇ ಅರಗಿಸಿಕೊಳ್ಳುತ್ತದೆ. ಆದ್ದರಿಂದ ಬೆಳೆದ ದನದ ಮಿಶ್ರ ಆಹಾರಕ್ಕೆ ನಿಗದಿಯಾದ ಮಿತಿಯೊಳಗೆ ಯೂರಿಯಾ ಸೇರಿಸಲು ಭಾರತೀಯ ಮಾನಕಗಳಲ್ಲಿ ಅವಕಾಶವಿದೆ. ದನದ ಆಹಾರದ ಮಾನಕ 2052, ಕೋಳಿ ಆಹಾರದ್ದು 1374. ಹಿಂದೆ ನಾವು ಐ.ಎಸ್.ಐ. ಎನ್ನುತ್ತಿದ್ದ ಸಂಸ್ಥೆಯೇ, ಈಗಿನ ಬಿ.ಐ.ಎಸ್., ಇವೆರಡನ್ನೂ ಬೇರೆ ಬೇರೆ ಮಾಡಿಟ್ಟಿದೆ. ಸುಮ್ಮನೆ ಮಾಡಿದ್ದಲ್ಲ.

ಇನ್ನು ಆ "20" ಎಂಬ ಅಂಕಿಯ ಮಾತು. ಆಹಾರದ ಪ್ರೋಟೀನನ್ನು ಪ್ರಯೋಗಶಾಲೆಯಲ್ಲಿ ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಅದನ್ನೇ ಕಚ್ಚಾ ಪ್ರೋಟೀನು ಎನ್ನುವುದು. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಗುಣಿಸಿದರೆ 287 ಚಿಲ್ಲರೆ. ಅಂದರೆ 100 ಕಿಲೋ ಆಹಾರಕ್ಕೆ ಒಂದೇ ಕಿಲೋ ಯೂರಿಯಾ ಸೇರಿಸಿದರೆ ಲೆಕ್ಕದಲ್ಲಿ ಸುಮಾರು ಮೂರು ಕಿಲೋ "ಪ್ರೋಟೀನು" ಹೆಚ್ಚುತ್ತದೆ! ದನಕ್ಕೆ ಇದು ಮೋಸವಲ್ಲ, ಅದರ ಹೊಟ್ಟೆ ಅದನ್ನು ನಿಜ ಮಾಡಿಕೊಳ್ಳುತ್ತದೆ. ಕೋಳಿಗೆ ಮಾತ್ರ ಅದು ಬರೀ ಕಾಗದದ ಮೇಲಿನ ಪ್ರೋಟೀನು. ಅಷ್ಟು ಸಣ್ಣ ಪ್ರಮಾಣದ ಯೂರಿಯಾದಿಂದ ಬೆಳೆದ ಕೋಳಿ ಸಾಯುವುದಿಲ್ಲ. ಆದರೆ ಅದರಿಂದ ಮಾಂಸವೂ ಬೆಳೆಯದು, ಮೊಟ್ಟೆಯೂ ಬಾರದು. ಉಳಿದ ಹದಿನೇಳರಲ್ಲೂ ಕೋಳಿಗೆ ಬೇಕಾದ ಲೈಸಿನ್, ಮಿಥಿಯೋನಿನ್ ಎಂಬ ಅಂಶಗಳು ಸಾಲುವುದಿಲ್ಲ. ಪುಕ್ಕವಿರುವ ಪ್ರಾಣಿಗೆ ಮಿಥಿಯೋನಿನ್ ಹೆಚ್ಚೇ ಬೇಕು. ನಮ್ಮ ಮರಿಗಳ ರೆಕ್ಕೆ ಇಳಿಬಿದ್ದುದರ ಒಂದು ಕಾರಣ ಇದೇ ಇರಬೇಕು.

ನಾರಿನ ವಿಷಯ ಹೆಚ್ಚು ಹೇಳಬೇಕಿಲ್ಲ. ದನದ ಆಹಾರದಲ್ಲಿ ಹೊಟ್ಟು ತೌಡು ಹೆಚ್ಚು, ದನ ಅದನ್ನು ಕರಗಿಸಿಕೊಳ್ಳುತ್ತದೆ. ಕೋಳಿಗೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಉಪ್ಪಿನ ವಿಷಯದಲ್ಲಿ ಎಚ್ಚರ ಬೇಕು. ದನಕ್ಕೆ ಹಿಡಿಸುವಷ್ಟು ಉಪ್ಪು ಕೋಳಿಗೆ ಹೆಚ್ಚು. ಬೆಳೆದ ಹೇಂಟೆ ಹಳ್ಳಕ್ಕೆ ಹೋಗಿ ನೀರು ಕುಡಿದು ಸುಧಾರಿಸಿಕೊಳ್ಳುತ್ತದೆ. ಬುಟ್ಟಿಯ ಕೆಳಗೆ, ಒಣಗಿದ ತಟ್ಟೆಯ ಮುಂದೆ ಕೂತ ಮರಿ ಏನು ಮಾಡೀತು?

ಸುಣ್ಣದ ಅಂಶವಂತೂ ಮೊಟ್ಟೆ ಇಡುವ ಕೋಳಿಗೆ ಮುಖ್ಯವಾದದ್ದು. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದೆಲ್ಲ ಚಿಪ್ಪಿಗೆ ಸೇರುವುದಿಲ್ಲವಾದ್ದರಿಂದ ದಿನಕ್ಕೆ ನಾಲ್ಕು ಗ್ರಾಮಿನ ಹತ್ತಿರ ಒದಗಬೇಕು. ಕೋಳಿ ತಿನ್ನುವುದೇ ನೂರು, ನೂರಹತ್ತು ಗ್ರಾಂ. ಅಷ್ಟು ದನದ ಆಹಾರದಲ್ಲಿ ಅದರ ಕಾಲುಭಾಗ ಸಿಕ್ಕರೆ ಹೆಚ್ಚು. ಉಳಿದುದನ್ನು ಕೋಳಿ ತನ್ನ ಮೂಳೆಯಿಂದ ತೆಗೆದು ಚಿಪ್ಪು ಕಟ್ಟುತ್ತದೆ, ಸ್ವಲ್ಪ ದಿನ. ಆಮೇಲೆ ತೊಗಲು ಮೊಟ್ಟೆ, ಆಮೇಲೆ ಮೊಟ್ಟೆಯೇ ಇಲ್ಲ, ಕಾಲು ಸೋತ ಕೋಳಿ. ಹಾಗೆಂದು ಮೊಟ್ಟೆ ಕೋಳಿಯ ಆಹಾರವನ್ನೇ ಮರಿಗೆ ಹಾಕಿದರೆ ಅಷ್ಟು ಸುಣ್ಣದಿಂದ ಮರಿಯ ಮೂತ್ರಪಿಂಡ ಕೆಡುತ್ತದೆ. ಕೋಳಿಯದನ್ನೇ ಕೋಳಿಗೆ ಹಾಕುವಾಗಲೂ ವಯಸ್ಸು ನೋಡಬೇಕಾದ ಮೇಲೆ ದನದ್ದನ್ನು ಹಾಕುವಾಗ ಎಷ್ಟು ನೋಡಬೇಕು ಎಂದು ಸದಸ್ಯರೇ ಯೋಚಿಸಲಿ.

ಅಥಣಿ ಕಡೆ ಈ ಪ್ರಶ್ನೆ ತಿರುಗಿ ನಮ್ಮ ಮೇಲೆಯೇ ಬಂತು. ಕುರಿಗಾರರೊಬ್ಬರು, "ಕೋಳಿ ಫಾರ್ಮಿನ್ಯಾಗ ಉಳದದ್ದು ಅಗ್ಗದಾಗ ಸಿಗತೈತ್ರಿ, ಕುರಿಗಿ ಹಾಕಿದ್ರ ಹೆಂಗ?" ಎಂದರು. ಆ ಪ್ರಾಂತದಲ್ಲಿ ಹಾಲುಮತದವರ ಡೆಕ್ಕನಿ ಕುರಿಗಳ ಮಂದೆಗಳಿವೆ. ಜಾತ್ರೆಗಳಲ್ಲಿ ಕುದುರೆ ಗಾಡಿಯ ಶರ್ಯತ್ತುಗಳೂ ನಡೆಯುತ್ತವೆ. ಇವೆರಡಕ್ಕೂ ಕೋಳಿ ಆಹಾರ ನಿಜವಾಗಿ ಅಪಾಯ, ದನದ ಆಹಾರ ಕೋಳಿಗೆ ಆಗುವುದಕ್ಕಿಂತ ಹೆಚ್ಚಿನ ಅಪಾಯ. ಕೋಳಿಗೂ ಹಂದಿಗೂ ಹಿಡಿಸುವಷ್ಟು ತಾಮ್ರದ ಅಂಶ ಕುರಿಯ ಯಕೃತ್ತಿನಲ್ಲಿ ಕೂಡಿಕೊಂಡು, ಒಂದು ದಿನ ಇದ್ದಕ್ಕಿದ್ದಂತೆ ಕುರಿಯನ್ನು ಕೆಡವುತ್ತದೆ. ಕೋಳಿಗಳ ರಕ್ತಭೇದಿ ತಡೆಯಲು ಆಹಾರಕ್ಕೆ ಬೆರೆಸುವ ಮೊನೆನ್ಸಿನ್, ಸಾಲಿನೋಮೈಸಿನ್ ಔಷಧಗಳು ಕೋಳಿಗೆ ಹಿತ; ಕುದುರೆಗೆ ಅತಿ ಸ್ವಲ್ಪವೂ ಹೃದಯ ನಿಲ್ಲಿಸುವ ವಿಷ. ದನಕ್ಕೆ ಮಾಂಸ, ಮೂಳೆಯ ಪುಡಿಯಿರುವ ಆಹಾರ ತಿನ್ನಿಸಿದ್ದರ ಫಲವನ್ನು ಇಂಗ್ಲೆಂಡಿನವರು 1986ರಲ್ಲಿ ಗುರುತಿಸಿದ ಹುಚ್ಚು ಹಸು ರೋಗದಲ್ಲಿ ಕಂಡರು, 1988ರಲ್ಲಿ ಅದನ್ನು ನಿಷೇಧಿಸಿದರು. ಆದ್ದರಿಂದ ಉಳಿದ ಕೋಳಿ ಆಹಾರವನ್ನು ಕರುವಿಗೆ ಸುರಿಯುವ ನಮ್ಮ ಕೆಲವು ಸದಸ್ಯರೂ ಇದನ್ನು ಗಮನಿಸಬೇಕು. ಕುರಿಗಾರರಿಗೆ ನಾವು ಬೇಡವೆಂದೆವು. ಅವರು, "ನೀವು ಅಡಿಕಿ ಮಂದಿ, ನಿಮಗ ಕುರಿ ಸುದ್ದಿ ಹೆಂಗ ಗೊತ್ರಿ?" ಎಂದು ನಕ್ಕರು. ಕೇಳಿದರೋ ಬಿಟ್ಟರೋ ತಿಳಿಯದು.

ಈಗ ಎಲ್ಲಕ್ಕಿಂತ ದೊಡ್ಡದೆಂದು ನಮಗೆ ತೋರುವ ಮಾತು. ಚೀಲದ ಮೇಲೆ ಯಾವ ಪ್ರಾಣಿಯ ಚಿತ್ರವಿದೆ ಎನ್ನುವುದಕ್ಕಿಂತ ಚೀಲದ ಒಳಗೆ ಬೂಷ್ಟು ಬಂದಿದೆಯೇ ಎನ್ನುವುದು ಹೆಚ್ಚು ಮುಖ್ಯ. 2019ರ ಆಗಸ್ಟಿನಲ್ಲಿ ಕೃಷ್ಣೆ ಮತ್ತು ಅದರ ಉಪನದಿಗಳ ಮಹಾಪೂರ ಈ ಐದು ತಾಲೂಕುಗಳ ನದಿ ದಂಡೆಯ ಹಳ್ಳಿಗಳನ್ನು ಮುಳುಗಿಸಿತು. ಜನ ದನ ಹಿಡಿದುಕೊಂಡು ಎತ್ತರಕ್ಕೆ ಹೋದರು. ಹಿಂದಿರುಗಿ ಬಂದಾಗ ಮನೆಯಲ್ಲಿದ್ದ ಆಹಾರದ ಚೀಲಗಳು ನೆನೆದು ಹೆಪ್ಪುಗಟ್ಟಿದ್ದವಂತೆ. ಕಾಗವಾಡ ಕಡೆಯ ರೈತರೊಬ್ಬರು ನಮಗೆ ಹೇಳಿದ ಪ್ರಕಾರ, ಹಿಡಿತದ ಮನುಷ್ಯರಾದ ಅವರು ಅದನ್ನು ಬಿಸಿಲಿಗೆ ಹರವಿ, ಒಡೆದು, ಎಮ್ಮೆಗೆ ಹಾಕಲು ಮನಸ್ಸು ಬಾರದೆ ಕೋಳಿಗೆ ಹಾಕಿದರು. ನೀರಲ್ಲಿ ಕೊಚ್ಚಿಹೋಗದೆ ಉಳಿದಿದ್ದ ಕೋಳಿಗಳು ಹೀಗೆ ಒಣ ನೆಲದ ಮೇಲೆ ಸತ್ತವು. "ಎಮ್ಮಿಗಿ ಬ್ಯಾಡಾದದ್ದು ಕೋಳಿಗಿ ನಡೀತೈತಿ ಅನಕೊಂಡ್ವಿ" ಎಂದರು ಅವರು. ನಾವು ಎಲ್ಲರೂ ಮಾಡುವುದು ಇದೇ ಅಲ್ಲವೇ? ಹಸು ಮೂಸಿ ಬಿಟ್ಟದ್ದು ಕೋಳಿಯ ಪಾಲು.

ವಾಸ್ತವದಲ್ಲಿ ಇದು ತಲೆಕೆಳಗಾಗಿದೆ. ಬೂಷ್ಟಿನ ವಿಷವನ್ನು ಬೆಳೆದ ದನ ಕೋಳಿಮರಿಗಿಂತ ಹೆಚ್ಚು ತಾಳುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತಾಗ ಹುಡುಕಿ ಹಿಡಿದದ್ದು ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು. ಅಫ್ಲಾಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಆಗ. ದೂರದ ಮಾತೆನ್ನಬೇಡಿ, 1966ರಲ್ಲಿ ನಮ್ಮ ಮೈಸೂರು ರಾಜ್ಯದಲ್ಲೇ ಇದೇ ವಿಷದಿಂದ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಸತ್ತ ದಾಖಲೆಯಿದೆ. ಕೈಗೆ ಪುಡಿಯಾಗಿ ಕಾಣುವ ಬೂಷ್ಟನ್ನು ಒಣಗಿಸಬಹುದು, ಜರಡಿ ಹಿಡಿಯಬಹುದು; ಅದು ಬಿಟ್ಟ ವಿಷ ಬಿಸಿಲಿಗೆ ಹರವಿದರೂ ಒಲೆಯ ಮೇಲೆ ಬೇಯಿಸಿದರೂ ಹೋಗುವಂಥದಲ್ಲ. ದನ ತಾಳಿದರೂ ಅದರ ಒಂದಂಶ ಹಾಲಿಗೆ ಇಳಿಯುತ್ತದೆ. ಆದ್ದರಿಂದ ಹೆಪ್ಪುಗಟ್ಟಿದ ಚೀಲ ಯಾರಿಗೂ ಅಲ್ಲ, ಗೊಬ್ಬರದ ಗುಂಡಿಗೆ.

ಅಥಣಿ, ರಾಯಬಾಗಗಳು ಒಣ ಸೀಮೆ. ಅಲ್ಲಿ ಬೂಷ್ಟು ಬರಲು ಹೊಳೆಯೇ ಮನೆಗೆ ಬರಬೇಕಾಯಿತು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೂಷ್ಟು ಹಿಡಿಯುತ್ತದೆ. ಈಗ ಲೆಕ್ಕ ಹಾಕೋಣ. ಕೋಳಿ ಆಹಾರ ಬರುವುದು 50 ಕಿಲೋ ಚೀಲದಲ್ಲಿ. ನಮ್ಮ ಸದಸ್ಯರ ಮನೆಯಲ್ಲಿರುವುದು ಹೆಚ್ಚೆಂದರೆ ಹತ್ತು ಕೋಳಿ. ಕೂಡಿಹಾಕಿ ಸಾಕಿದರೂ ದಿನಕ್ಕೆ ಒಂದು ಕಿಲೋ ಚಿಲ್ಲರೆ, ಚೀಲ ತಿಂಗಳೂವರೆ ಬರುತ್ತದೆ. ಕಣ, ಕೊಟ್ಟಿಗೆ, ತಿಪ್ಪೆ ಕೆದಕಿ ಅರ್ಧ ಹೊಟ್ಟೆ ತುಂಬಿಸಿಕೊಳ್ಳುವ ಕೋಳಿಗಳಾದರೆ ಮೂರು ತಿಂಗಳು. ಆಷಾಢದಲ್ಲಿ ಬಿಚ್ಚಿದ ಚೀಲ ಮೂರು ತಿಂಗಳಿರಲಿ, ಮೂರು ವಾರ ನೆಟ್ಟಗೆ ನಿಂತರೆ ಪುಣ್ಯ. ಹೀಗಿರುವಾಗ ಮನೆಯ ಹೆಂಗಸು ಆ ಚೀಲ ಕೊಳ್ಳದೆ, ಕೊಟ್ಟಿಗೆಯ ಚೀಲಕ್ಕೆ ಕೈಹಾಕುವುದು ಅಜ್ಞಾನದಿಂದಲ್ಲ. ಅವಳ ಲೆಕ್ಕ ಸರಿಯಾಗಿದೆ. ಸಂಘದ ಲೆಕ್ಕ ತಪ್ಪಾಗಿದೆ.

ಇನ್ನೊಂದು ಸಂಗತಿಯನ್ನೂ ಬಿಡಿಸಿ ಹೇಳಬೇಕು. ಹಸುವಿನ ಆಹಾರ ಯಜಮಾನರ ಖಾತೆಗೆ ಬೀಳುತ್ತದೆ, ಹಾಲಿನ ಪಟ್ಟಿಯಲ್ಲೋ ಕಾಫಿ ಅಡಿಕೆಯ ಲೆಕ್ಕದಲ್ಲೋ ವಜಾ ಆಗುತ್ತದೆ. ಕೋಳಿಗೆ ಖಾತೆ ಇಲ್ಲ. ಕೋಳಿ ಹೆಂಗಸರದು, ಲೈನ್ ಮನೆಯ ಆಳುಗಳದು. ಕಾಫಿಯ ಹಣ ವರ್ಷಕ್ಕೊಮ್ಮೆ ಬರುತ್ತದೆ, ಬಂದ ದಿನವೇ ಬ್ಯಾಂಕಿನವರು ಕಾದಿರುತ್ತಾರೆ. ಮೊಟ್ಟೆಯ ಹಣ ವಾರವಾರ ಬರುತ್ತದೆ. ಮಗುವಿನ ಪುಸ್ತಕ, ಬಸ್ಸಿನ ಚಾರ್ಜು, ಔಷಧಿ ಅದರಿಂದ ನಡೆಯುತ್ತವೆ. ಹತ್ತು ಮರಿ ಸತ್ತರೆ ಯಜಮಾನರ ಲೆಕ್ಕಪುಸ್ತಕದಲ್ಲಿ ಒಂದು ಗೆರೆಯೂ ಬೀಳದು. ಅಡಿಗೆಮನೆಯ ಡಬ್ಬಿಯಲ್ಲಿ ಬೀಳುತ್ತದೆ.

ನಮ್ಮ ಆಡಳಿತ ಮಂಡಳಿಯಲ್ಲಿ ಈ ವಿಷಯ ಒಮ್ಮೆ ಚರ್ಚೆಗೆ ಬಂದಿತ್ತು. ಕಾಫಿ ಅಡಿಕೆಯ ಸಂಘಕ್ಕೆ ಕೋಳಿಯ ಉಸಾಬರಿ ಏಕೆ ಎಂದರು ಕೆಲವರು. ಚೀಲ ಒಡೆದು ಚಿಲ್ಲರೆ ಮಾರಿದರೆ ತೂಕದಲ್ಲಿ ಸೋರಿಕೆ ಬರುತ್ತದೆ, ಲೆಕ್ಕ ಪರಿಶೋಧಕರು ಕೇಳುತ್ತಾರೆ ಎಂದರು ಇನ್ನು ಕೆಲವರು. ಎರಡನೆಯ ಮಾತು ಸುಳ್ಳಲ್ಲ. ಕಾರ್ಯದರ್ಶಿಯಾಗಿ ಅದರ ಬಿಸಿ ತಟ್ಟುವುದು ನಮಗೇ. ಆದರೆ ಮೈಲುತುತ್ತ, ಸುಣ್ಣಗಳನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಸಂಘಕ್ಕೆ ಕೋಳಿ ಆಹಾರ ತೂಗಲು ಬಾರದೆಂದರೆ ಹೇಗೆ? ಚೀಲಕ್ಕೆ ಅರ್ಧ ಕಿಲೋ ಸೋರಿಕೆಯನ್ನು ಮೊದಲೇ ಬೆಲೆಯಲ್ಲಿ ಸೇರಿಸಿ, ಠರಾವು ಮಾಡಿಟ್ಟುಕೊಂಡರೆ ಪರಿಶೋಧಕರಿಗೂ ಉತ್ತರವಿರುತ್ತದೆ. ಮೊದಲನೆಯ ಮಾತಿಗೆ ನಮ್ಮ ಉತ್ತರ, ದನದ ಆಹಾರ ಮಾರುವಾಗ ಯಾರೂ ಈ ಪ್ರಶ್ನೆ ಕೇಳಲಿಲ್ಲವಲ್ಲ ಎಂಬುದು.

ಅಲ್ಲಿಯವರೆಗೆ ಸದಸ್ಯರು ಏನು ಮಾಡಬೇಕು? ಹಿತ್ತಲಲ್ಲಿ ಬಿಟ್ಟು ಮೇಯುವ ಬೆಳೆದ ಕೋಳಿ, ಹಸುವಿನ ಬಾನಿಯ ಸುತ್ತ ಬಿದ್ದದ್ದನ್ನು ಹೆಕ್ಕಿದರೆ ಗಾಬರಿ ಬೇಡ. ಉಳಿದುದನ್ನು ಅದು ಹುಳ, ಹುಲ್ಲು, ಗೆದ್ದಲಿನಲ್ಲಿ ಸರಿದೂಗಿಸಿಕೊಳ್ಳುತ್ತದೆ. ಕರುವಿನ ಆಹಾರವನ್ನು ಒಂದೆರಡು ದಿನ ಅಡಚಣೆಗೆ ಹಾಕಿದರೂ ಪ್ರಮಾದವಿಲ್ಲ. ಕೂಡಿಹಾಕಿದ ಕೋಳಿಗೆ ದನದ ಆಹಾರವನ್ನೇ ನಂಬಿಸಬಾರದು. ಎಂಟು ವಾರದೊಳಗಿನ ಮರಿಗೆ ಒಂದು ಹಿಡಿಯೂ ಬೇಡ. ಅವಕ್ಕೆ ಸ್ಟಾರ್ಟರ್ ಎಂದು ಮಾರುವ ಮರಿ ಆಹಾರವೇ ಆಗಬೇಕು, ಮಳೆ ಇರಲಿ ಬಿಸಿಲಿರಲಿ. ಮೊಟ್ಟೆ ಇಡುವ ಹೇಂಟೆಗಳಿಗೆ ಮನೆಯಲ್ಲೇ ಮಾಡಿಕೊಳ್ಳುವುದಾದರೆ ಹತ್ತು ಕಿಲೋಗೆ ನಮ್ಮ ಮನೆಯ ಲೆಕ್ಕ ಹೀಗಿದೆ: ಒಡೆದ ಮೆಕ್ಕೆಜೋಳ 5 ಕಿಲೋ, ಅಕ್ಕಿ ತೌಡು ಒಂದೂವರೆ, ಸೋಯಾ ಅಥವಾ ಒಳ್ಳೆಯ ಶೇಂಗಾ ಹಿಂಡಿ 2, ಒಣಮೀನಿನ ಪುಡಿ ಅರ್ಧ, ಕುಟ್ಟಿದ ಕಪ್ಪೆಚಿಪ್ಪು 800 ಗ್ರಾಂ, ಕೋಳಿಗೆಂದೇ ಮಾರುವ ಖನಿಜ ಮಿಶ್ರಣ 200 ಗ್ರಾಂ. ಒಣಮೀನಿನಲ್ಲಿ ಉಪ್ಪಿರುವುದರಿಂದ ಬೇರೆ ಉಪ್ಪು ಹಾಕಬಾರದು. ಮೀನು ಮುಟ್ಟದ ಮನೆಯವರು ಅದರ ಬದಲು ಹಿಂಡಿಯನ್ನೇ ಹೆಚ್ಚಿಸಿ, ಚಿಟಿಕೆ ಉಪ್ಪು ಸೇರಿಸಿಕೊಳ್ಳಬಹುದು. ಹದಿನೈದು ದಿನಕ್ಕಾಗುವಷ್ಟು ಮಾತ್ರ ಬೆರೆಸಿ, ಮುಚ್ಚಳವಿರುವ ಡಬ್ಬದಲ್ಲಿ, ಒಲೆಯ ಹತ್ತಿರದ ಅಟ್ಟದ ಮೇಲೆ ಇಡುವುದು ಮೇಲು.

ಮುಂಬರುವ ವಾರ್ಷಿಕ ಮಹಾಸಭೆಗೆ ನಾವು ಎರಡು ಠರಾವುಗಳನ್ನು ತರುತ್ತಿದ್ದೇವೆ. ಮೊದಲನೆಯದು, ಸಂಘ ಮಾರುವ ಪ್ರತಿಯೊಂದು ಪಶು ಆಹಾರದ ಚೀಲದಲ್ಲಿ ಯೂರಿಯಾ, ಹತ್ತಿಕಾಳು ಹಿಂಡಿ ಇದೆಯೇ ಇಲ್ಲವೇ ಎಂಬುದನ್ನು ತಯಾರಕರಿಂದ ಬರಹದಲ್ಲಿ ಪಡೆದು, ಗೋದಾಮಿನ ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ಹಾಕುವುದು. ಚೀಲದ ತಯಾರಿಕೆಯ ದಿನಾಂಕವನ್ನೂ ಬರೆಯುವುದು. ಎರಡನೆಯದು, ಮರಿ ಆಹಾರ ಮತ್ತು ಮೊಟ್ಟೆ ಕೋಳಿ ಆಹಾರಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 5 ಕಿಲೋ ಮತ್ತು 10 ಕಿಲೋ ಪೊಟ್ಟಣಗಳಲ್ಲಿ ತೂಗಿ ಕೊಡುವುದು. ಎಷ್ಟು ಮನೆಗೆ ಬೇಕೆಂದು ತಿಳಿಯದೆ ತರಿಸಿದರೆ ಗೋದಾಮಿನಲ್ಲೇ ಬೂಷ್ಟು ಬಂದೀತು. ಆದ್ದರಿಂದ ಬೇಕಾದವರು ಕೌಂಟರಿನಲ್ಲಿ ಇಟ್ಟಿರುವ ಪುಸ್ತಕದಲ್ಲಿ ಹೆಸರು, ಕೋಳಿಗಳ ಸಂಖ್ಯೆ, ತಿಂಗಳಿಗೆ ಬೇಕಾದ ಕಿಲೋ ಬರೆಸಬೇಕಾಗಿ ವಿನಂತಿ. ಸದಸ್ಯತ್ವದ ಸಂಖ್ಯೆ ಯಜಮಾನರದಾದರೂ ಹೆಸರನ್ನು ಮನೆಯ ಹೆಂಗಸರದೇ ಬರೆಸಬಹುದು. ನಗದು ಕೊಟ್ಟು ಒಯ್ಯುವವರಿಗೆ ಖಾತೆಯ ತಂಟೆಯೂ ಇಲ್ಲ. ಪುಸ್ತಕದಲ್ಲಿ ಮೊದಲ ಹೆಸರು ಈಗಾಗಲೇ ಬಿದ್ದಿದೆ. ಅದು ನಮ್ಮ ಮನೆಯವರದು, ಹತ್ತೊಂಬತ್ತು ಕೋಳಿ, ತಿಂಗಳಿಗೆ 30 ಕಿಲೋ.